ಸಾರಿಕಾಳ ಸ್ಟೂಲು

ನಮ್ಮ ಚೆಕಿಂಗ್ ವಿಭಾಗದಲ್ಲಿ ಹನ್ನೊಂದು ಹೆಂಗಸರಿದ್ದೆವು. ಸ್ಟೂಲು ಒಂದೇ ಇತ್ತು. ಅದರ ಮೇಲೆ ಸಾರಿಕಾ ಕೂರುತ್ತಿದ್ದಳು.

ಇಷ್ಟು ಹೇಳಿದರೆ ನಿಮಗೆ ಏನೂ ಅನ್ನಿಸಲಿಕ್ಕಿಲ್ಲ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರೂವರೆಯ ತನಕ ಸಿಮೆಂಟಿನ ನೆಲದ ಮೇಲೆ ನಿಂತು ನೋಡಿ, ಆಮೇಲೆ ಅನ್ನಿಸುತ್ತದೆ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಟಾವೆಲಿನ ಕಾರಖಾನೆ. ಮಗ್ಗದಿಂದ ಇಳಿದ ಟಾವೆಲು ಕತ್ತರಿಸಿ, ಅಂಚು ಹೊಲಿದು ನಮ್ಮ ಮೇಜಿಗೆ ಬರುತ್ತವೆ. ಒಂದೊಂದನ್ನೂ ಹಾಸಬೇಕು, ಎರಡೂ ಮಗ್ಗುಲು ನೋಡಬೇಕು. ಎಣ್ಣೆಯ ಕಲೆ ಇದೆಯಾ, ನೂಲು ಜಗ್ಗಿದೆಯಾ ಎಂದು ಹುಡುಕಿ, ಉಳಿದ ದಾರ ಕತ್ತರಿಸಿ, ಮಡಚಿ ಇಡಬೇಕು. ಮೇಜು ನನ್ನ ಸೊಂಟಕ್ಕಿಂತ ಒಂದು ಗೇಣು ಕೆಳಗೆ. ಪೂರ್ತಿ ನೆಟ್ಟಗೆ ನಿಲ್ಲುವ ಹಾಗೂ ಇಲ್ಲ, ಪೂರ್ತಿ ಬಾಗುವ ಹಾಗೂ ಇಲ್ಲ. ಹನ್ನೊಂದರ ಹೊತ್ತಿಗೆ ಪಾದ ಉರಿಯುತ್ತವೆ. ಎರಡಕ್ಕೆ ಮೀನಖಂಡ ಕಲ್ಲಾಗುತ್ತದೆ. ನಾಲ್ಕಕ್ಕೆ ಬೆನ್ನು. ಬೆನ್ನಿನ ವಿಷಯ ಆಮೇಲೆ ಹೇಳುತ್ತೇನೆ, ಈ ಕತೆಯೇ ಅದರದ್ದು.

ಸುಮ್ಮನೆ ನೆಲಕ್ಕೆ ಕೂರೋಣವೆಂದರೆ ಮೇಲೆ ಕ್ಯಾಮೆರಾ. ಮಾಲಕರು ಶಾಂತಪ್ಪನವರು ಸೊಲ್ಲಾಪುರದ ಪೇಟೆಯಲ್ಲಿ ತಮ್ಮ ಗಾದಿಯ ಮೇಲೆ ಕುಳಿತು ಮೊಬೈಲಿನಲ್ಲಿ ನಮ್ಮನ್ನು ನೋಡುತ್ತಿದ್ದರು. ಯಾರಾದರೂ ಒಂದು ಗಳಿಗೆ ಕೂತರೆ ಸಾಕು, ಸೂಪರ್‌ವೈಸರ್ ಯೋಗಿರಾಜನ ಫೋನು ಬಡಿದುಕೊಳ್ಳುತ್ತಿತ್ತು. "ಆ ಹಸರ ಸೀರಿಯಾಕಿ ಯಾಕ ಕುಂತಾಳ? ಆಕಿ ಮನೀ ಅಂಗಳ ಅಂತ ತಿಳದಾಳೇನು?"

ನನ್ನ ಹೆಸರು ಚಂದ್ರಭಾಗಾ. ತವರು ಮಂಗಳವೇಢೆ ಕಡೆಯ ನಂದೇಶ್ವರ. ಕುರಿ ಸಾಕುವ ಮಂದಿ ನಾವು, ಬೀರೋಬಾ ದೇವರ ಒಕ್ಕಲು. ಆ ಮೇಜಿನ ಮುಂದೆ ನಾನು ನಿಂತು ಆರು ವರ್ಷವಾಗಿತ್ತು. ಸಾರಿಕಾ ಬಂದು ಆರು ವಾರ.

ಅವಳು ಅಕ್ಕಲಕೋಟದ ಹುಡುಗಿ. ಇಪ್ಪತ್ತಮೂರೋ ನಾಲ್ಕೋ ವಯಸ್ಸು. ದಿನಾ ಎಸ್‌ಟಿ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಮಾತು ಕಡಿಮೆ, ಬಿಳಿ ಮುಖ, ಜಡೆಗೆ ದಿನಕ್ಕೊಂದು ಬಣ್ಣದ ಕ್ಲಿಪ್ಪು. ಬಂದ ಮೂರನೇ ವಾರಕ್ಕೆ ಯೋಗಿರಾಜನೇ ತನ್ನ ಕೈಯಾರೆ ಒಂದು ಸ್ಟೂಲು ತಂದು ಕಂಬದ ಮರೆಯಲ್ಲಿಟ್ಟ. ಆ ಜಾಗ ಕ್ಯಾಮೆರಾಕ್ಕೆ ಕಾಣುತ್ತಿರಲಿಲ್ಲ. ನೀಲಿ ಬಣ್ಣದ ಕಬ್ಬಿಣದ ಸ್ಟೂಲು, ಒಂದು ಕಾಲು ಮೋಟು. ಅದರ ಕೆಳಗೆ ಮಡಚಿದ ರಟ್ಟು ಸಿಕ್ಕಿಸಿದ್ದರು. ತಾಸಿಗೊಮ್ಮೆ ಅವಳು ಹೋಗಿ ಹತ್ತು ನಿಮಿಷ ಅದರ ಮೇಲೆ ಕೂರುತ್ತಿದ್ದಳು. ಯೋಗಿರಾಜ ನೋಡಿಯೂ ನೋಡದವನ ಹಾಗೆ ಆ ಕಡೆ ತಿರುಗಿಕೊಳ್ಳುತ್ತಿದ್ದ.

ಆರು ವರ್ಷ ನಿಂತ ನನಗಿಲ್ಲದ ಸ್ಟೂಲು ಮೂರು ವಾರದ ಅವಳಿಗೆ! ನನ್ನ ಹೊಟ್ಟೆಗೆ ಯಾರೋ ಕೆಂಡ ಸುರಿದ ಹಾಗಾಯಿತು.

ಅವಳು ಕೂರುವ ರೀತಿಯನ್ನು ನಾನು ನೋಡುತ್ತಿದ್ದೆ. ಮೊದಲು ಮೇಜಿನ ಅಂಚು ಹಿಡಿಯುತ್ತಿದ್ದಳು. ಆಮೇಲೆ ಮೆಲ್ಲಗೆ, ರಾಣಿ ಸಿಂಹಾಸನ ಏರುವ ಹಾಗೆ ಕೂರುತ್ತಿದ್ದಳು. ಕೂತವಳೇ ಕಣ್ಣು ಮುಚ್ಚುತ್ತಿದ್ದಳು. ಆ ಮುಚ್ಚಿದ ಕಣ್ಣು ಕಂಡರೆ ನನ್ನ ಮೈಯೆಲ್ಲಾ ಉರಿಯುತ್ತಿತ್ತು. ಗಂಡ ಇನ್ನೊಬ್ಬಳ ಮನೆಗೆ ಹೋಗಿದ್ದರೂ ಅಷ್ಟು ಉರಿಯುತ್ತಿರಲಿಲ್ಲವೇನೋ.

"ಯೋಗಿರಾಜಗ ಏನ ಮದ್ದ ಹಾಕ್ಯಾಳಕ್ಕಾ ಈಕಿ?" ಪಕ್ಕದ ಗುರಮ್ಮನ ಕಿವಿಯಲ್ಲಿ ಹೇಳಿದೆ. ಗುರಮ್ಮ ನಮ್ಮೆಲ್ಲರಿಗಿಂತ ಹಿರಿಯಳು, ಮೊಮ್ಮಕ್ಕಳನ್ನು ಕಂಡವಳು.

"ಸುಮ್ಮನ ಕೆಲಸ ಮಾಡ. ಆ ಹುಡುಗಿ ಕುಂತರ ನಿನ್ನ ಸೊಂಟ ಮುರೀತದೇನು?"

"ಹೌದಕ್ಕಾ. ಆಕಿ ಕುಂತಷ್ಟೂ ನನ್ನ ಸೊಂಟ ಮುರೀತದ."

ಸುಳ್ಳಲ್ಲ ಅದು. ಅವಳು ಎದ್ದು ಬಂದು ಮೇಜಿಗೆ ನಿಂತಾಗ ನನ್ನ ನೋವು ಸ್ವಲ್ಪ ಕಡಿಮೆಯಾದ ಹಾಗಿರುತ್ತಿತ್ತು. ಅವಳು ಹೋಗಿ ಕೂತರೆ ಮತ್ತೆ ಏರುತ್ತಿತ್ತು.

ಒಂದು ದಿನ ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಡಬ್ಬಿ ಬಿಚ್ಚಿದ್ದಾಗ ನಾನು ಕಳ್ಳಿಯ ಹಾಗೆ ಒಳಗೆ ಬಂದು ಆ ಸ್ಟೂಲಿನ ಮೇಲೆ ಕೂತೆ. ಎರಡು ನಿಮಿಷ. ಬೆನ್ನು 'ಅಯ್ಯ ಯವ್ವಾ' ಅಂದಿತು. ಎಷ್ಟು ಸುಖವಾಯಿತೋ ಅಷ್ಟೇ ಸಿಟ್ಟು ಬಂತು. ಈ ಸುಖವನ್ನು ಅವಳು ದಿನಕ್ಕೆ ಹತ್ತು ಸಲ ಉಣ್ಣುತ್ತಾಳಲ್ಲ!

ಅವಳೇ ಒಮ್ಮೆ ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದಳು. "ಮಾವಶಿ, ಒಂದೀಟು ನೀವು ಕುಂದರ್ರಿ. ನಾ ನಿಮ್ಮ ಟಾವೆಲ್ ನೋಡತೀನಿ."

ಬೆನ್ನು ಹೋಗು ಅಂದಿತು. ಬಾಯಿ ಬೇರೆಯೇ ಅಂದಿತು. "ನನಗೇನ ಧಾಡಿ ಆಗೇದ? ನಿನ್ನ ಎಂಜಲ ಸ್ಟೂಲು ನಿನಗ ಇರಲಿ."

ಅವಳ ಮುಖ ಸಣ್ಣದಾಯಿತು. ಆವತ್ತು ನನಗೆ ರೊಟ್ಟಿ ರುಚಿಯಾಗಿತ್ತು.

ಹೀಗಿರುವಾಗ ಒಂದು ಮಂಗಳವಾರ ಮಾಲಕರು ತಾವೇ ಬಂದರು. ಜೊತೆಗೆ ಪರ ಊರಿನ ಇಬ್ಬರು ವ್ಯಾಪಾರಿಗಳು. ಟಾವೆಲು ತೋರಿಸುತ್ತ ತೋರಿಸುತ್ತ ಕಂಬದ ಹಿಂದೆ ಹೋದವರು ನಿಂತುಬಿಟ್ಟರು.

"ಯೋಗಿರಾಜ, ಇದು ಯಾರದು?"

ಸಾರಿಕಾಳ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ಒಬ್ಬರೂ ಬಾಯಿ ಬಿಡಲಿಲ್ಲ. ನಾನೂ ಬಿಡದಿದ್ದರೆ ಆ ಗಳಿಗೆ ಹಾಗೇ ದಾಟಿ ಹೋಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನಗೆ ಗಾದೆ ಗೊತ್ತಿತ್ತು, ಬುದ್ಧಿ ಇರಲಿಲ್ಲ.

"ಮಾಲಕ್ರ, ಈಗಿನ ಹುಡುಗ್ಯಾರಿಗೆ ನಿಂದ್ರಾಕ ಆಗಂಗಿಲ್ರಿ," ಎಂದೆ. "ನಮ್ಮಪ್ಪ ಅಣ್ಣಾರಾಯ ನಂದೇಶ್ವರದ ಮಾಳದಾಗ ಹೊತ್ತು ಹುಟ್ಟಿದಾಗಿಂದ ಮುಳುಗೂತನಕ ಕುರಿ ಹಿಂದ ನಿಂತಿರತಿದ್ದ. ಐವತ್ತ ವರ್ಷ! ಒಂದಿನ ಬೆನ್ನ ನೋವು ಅಂದಾಂವಲ್ಲ. ನಾವು ಅಂಥಾ ರಗತದವರು. ನಮಗ್ಯಾಕ ಬೇಕ್ರಿ ಸ್ಟೂಲು?"

ಮಾಲಕರ ಮುಖ ಅರಳಿತು. ವ್ಯಾಪಾರಿಗಳ ಕಡೆ ತಿರುಗಿ, "ನೋಡ್ರಿ, ಹಿಂತಾ ಕಾಮಗಾರ ಅದಾರ ನಮ್ಮಲ್ಲಿ," ಅಂದರು. ಹೋಗುವಾಗ ನನ್ನ ಹೆಸರು ಕೇಳಿಕೊಂಡು ಹೋದರು. ಆರು ವರ್ಷದಲ್ಲಿ ಮೊದಲ ಸಲ.

ಮರುದಿನ ಸ್ಟೂಲು ಇರಲಿಲ್ಲ. ಸ್ಟೂಲೊಂದೇ ಅಲ್ಲ. ಮೂಲೆಯಲ್ಲಿ ಎರಡು ಕಟ್ಟಿಗೆ ಪೆಟ್ಟಿಗೆಗಳಿದ್ದವು, ಯಾರಿಗಾದರೂ ತಲೆ ಸುತ್ತಿದರೆ ಅವುಗಳ ಮೇಲೆ ಕೂರುತ್ತಿದ್ದರು. ಅವೂ ಮಾಯ. ಕಂಬದ ಮರೆಗೆ ಹೊಸ ಕ್ಯಾಮೆರಾ ಬಂತು. ಯೋಗಿರಾಜ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ನೆಲ ನೋಡುತ್ತ ಮಾಲಕರ ಮಾತು ಒಪ್ಪಿಸಿದ. "ಚಂದ್ರಭಾಗಾನ ಅಪ್ಪ ಐವತ್ತ ವರ್ಷ ನಿಂತಾನಂತ. ನಿಮಗ ಹತ್ತ ತಾಸು ನಿಂದ್ರಾಕ ಏನಾಗೇದ? ಇನ್ನ ಮ್ಯಾಲ ಊಟದ ಹೊತ್ತು ಬಿಟ್ಟು ಯಾರೂ ಕುಂದ್ರೂಹಂಗಿಲ್ಲ."

ಸಾರಿಕಾ ಕಂಬದ ಬುಡದ ಖಾಲಿ ಜಾಗ ನೋಡಿದಳು. ಆಗ ನನಗೆ ಎಷ್ಟು ಖುಷಿಯಾಯಿತು ಅಂತ ಹೇಳಿದರೆ ನೀವು ನನ್ನ ಮುಖಕ್ಕೆ ಉಗುಳುತ್ತೀರಿ. ಉಗುಳಿ. ನಾನು ಬೇಡ ಅನ್ನುವುದಿಲ್ಲ.

ಆ ಖುಷಿ ಒಂದು ದಿನ ಬಾಳಿತು. ಮರುದಿನ ಊಟಕ್ಕೆ ಕೂತಾಗ ಶೇಂಗಾ ಚಟ್ನಿಯ ಡಬ್ಬಿ ನನ್ನನ್ನು ದಾಟಿ ಹೋಯಿತು. ಕೇಳಿದರೂ ಯಾರೂ ಕೊಡಲಿಲ್ಲ. ಗುರಮ್ಮ ಕಾಲು ನೀಡಿ ಮೊಣಕಾಲು ತಿಕ್ಕುತ್ತ, "ಏ ನಂದೇಶ್ವರದ ರಾಣಿ, ನಿಮ್ಮಪ್ಪನ ಕಾಲು ಇನ್ನೂ ಹತ್ತ ಜೋಡಿ ಇದ್ರ ತಂದಕೊಡವಾ. ನಮಗೂ ಹಚ್ಚಿಕೊಳ್ಳಾಕ ಆಗ್ತದ," ಅಂದಳು. ಎಲ್ಲರೂ ನಕ್ಕರು. ಸಾರಿಕಾ ಮಾತ್ರ ನಗಲಿಲ್ಲ, ತನ್ನ ಡಬ್ಬಿಯಿಂದ ಒಂದು ಚಮಚ ಚಟ್ನಿ ನನ್ನ ರೊಟ್ಟಿಯ ಮೇಲಿಟ್ಟಳು. ಅದು ನನಗೆ ಇನ್ನೂ ಉರಿಯಿತು.

ಇನ್ನು ನನ್ನ ಬೆನ್ನು. ಸೊಂಟದ ಮೇಲೆ ಎರಡೂ ಕಡೆ ಒದ್ದೆ ಹಗ್ಗ ಬಿಗಿದ ಹಾಗಾಗುತ್ತಿತ್ತು. ಬಗ್ಗಿದರೆ ಏಳಲಾಗದು, ಎದ್ದರೆ ಬಗ್ಗಲಾಗದು. ಆದರೆ ಹೇಳುವುದು ಯಾರಿಗೆ? ಯಾವ ಬಾಯಿಂದ? ಉಳಿದವರಾದರೂ "ಅಯ್ಯಯ್ಯೋ" ಅಂತ ನರಳುತ್ತಿದ್ದರು, ನನಗೆ ಆ ಹಕ್ಕೂ ಇರಲಿಲ್ಲ. ನರಳುವವರನ್ನು ಕಂಡು ಹೊಟ್ಟೆಕಿಚ್ಚು ಪಡುವ ಕಾಲ ಬಂತು ನನಗೆ.

ಹದಿನೈದು ದಿನ ಕಳೆದಿರಬೇಕು. ಸಂಜೆ ನಾಲ್ಕಕ್ಕೆ ಸಾರಿಕಾ ಬಾತ್‌ರೂಮಿಗೆ ಹೋದವಳು ಬರಲೇ ಇಲ್ಲ. ಯೋಗಿರಾಜ ನನ್ನನ್ನು ಕಳಿಸಿದ. ಹೋಗಿ ನೋಡಿದರೆ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದಳು, ಕೈಯಲ್ಲಿ ಬಾಮಿನ ಡಬ್ಬಿ.

"ಮಾವಶಿ, ನನಗ ಕೈ ಮುಟ್ಟವಲ್ದು. ಒಂದೀಟು ಹಚ್ಚತೀರೇನು?"

ಕುಪ್ಪಸ ಎತ್ತಿದೆ. ಬೆನ್ನಿನ ನಟ್ಟನಡುವೆ ಗೇಣುದ್ದದ ಗಾಯದ ಗುರುತು. ಗೋಣಿಚೀಲಕ್ಕೆ ದಬ್ಬಣದಲ್ಲಿ ಹೊಲಿಗೆ ಹಾಕಿದ ಹಾಗಿತ್ತು.

"ಇದೇನ ಸಾರಿಕಾ?"

"ಸಣ್ಣಾಕಿದ್ದಾಗ ಅವ್ವ ಅಪ್ಪ ಕಬ್ಬ ಕಡಿಯಾಕ ಹೋಗತಿದ್ರು. ಕಬ್ಬ ತುಂಬಿದ ಟ್ರಾಲಿ ಮ್ಯಾಲಿಂದ ಬಿದ್ದೆ. ಒಳಗ ಸ್ಟೀಲಿನ ಪಟ್ಟಿ ಹಾಕ್ಯಾರ." ಅವಳು ಗೋಡೆಗೇ ಮಾತಾಡುತ್ತಿದ್ದಳು. "ಯೋಗಿರಾಜ ಸರ್‌ಗೆ ಕಾಗದ ತೋರಿಸಿದ್ದೆ. ಅವರು ಸ್ಟೂಲ್ ಇಟ್ಟರು. ಮಾಲಕ್ರಿಗೆ ಹೇಳಬ್ಯಾಡ್ರಿ ಅಂದಿದ್ದೆ. ಗೊತ್ತಾದ್ರ ಮುರುಕ ಬೆನ್ನಿನಾಕಿ ಅಂತ ತಗದ ಬಿಡತಾರ. ನೀವೂ ಯಾರಿಗೂ ಹೇಳಬ್ಯಾಡ್ರಿ ಮಾವಶಿ. ಬೀರೋಬಾನ ಆಣಿ ಮಾಡ್ರಿ."

ಆಣೆ ಮಾಡಿದೆ. ಬಾಮು ಹಚ್ಚಿದೆ. ಅವಳು ಕೂತಾಗ ಕಣ್ಣು ಮುಚ್ಚುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಸುಖಕ್ಕಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂದ ಹಾಗೆ, ನಿಲ್ಲಿಸಿದವರನ್ನು ಬಿಟ್ಟು ಕೂತವಳ ಮೇಲೆ ನಾನು ಹಲ್ಲು ಕಡಿದಿದ್ದೆ.

ಆದರೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಆ ಗಾಯದ ಮೇಲೆ ಕೈ ಆಡಿಸುವಾಗಲೂ ನನಗೊಂದು ಕೆಟ್ಟ ಯೋಚನೆ ಬಂತು. ತೋರಿಸಲಿಕ್ಕೆ ಇವಳಿಗೊಂದು ಗುರುತಾದರೂ ಇದೆ. ನನ್ನ ನೋವಿಗೆ ಅದೂ ಇಲ್ಲವಲ್ಲ.

ಗುರುವಾರ ನಮಗೆ ವಾರದ ರಜೆ. ಅವಳನ್ನು ಕರೆದುಕೊಂಡು ದೊಡ್ಡ ದವಾಖಾನೆಗೆ ಹೋದೆ. ಬೆನ್ನು, ಮೊಣಕಾಲು ನೋಯುವವರಿಗೆ ಕಸರತ್ತು ಹೇಳಿಕೊಡುವ ಒಬ್ಬ ಡಾಕ್ಟರ್‌ಬಾಯಿ ಇದ್ದರು, ಮನೀಷಾ ಅಂತ. ಸಾರಿಕಾಳನ್ನು ನೋಡಿ ಮುಗಿಸಿ, ಕಸರತ್ತು ಬರೆದುಕೊಟ್ಟು, ಒಂದೇ ಸಮ ನಿಲ್ಲಬೇಡ ಎಂದು ಎಚ್ಚರಿಸಿದರು. ನಾನು ಬೆಂಚಿನಿಂದ ಎದ್ದೆ. ಎದ್ದೆನೇ ಹೊರತು ನೆಟ್ಟಗಾಗಲಿಲ್ಲ.

"ನೀ ಬಾ ಇಲ್ಲಿ," ಅಂದರು ಡಾಕ್ಟರ್‌ಬಾಯಿ. "ನಿನಗೇನಾಗೇದ?"

"ಏನೂ ಇಲ್ರಿ ಬಾಯಿ. ನಾವು ಕುರಿ ಮಂದಿ. ನಿಂತು ರೂಢಿ ಅದ."

"ಬೆನ್ನಿಗೆ ಜಾತಿ ಗೊತ್ತಾಗಂಗಿಲ್ಲ. ಬಾ."

ನನ್ನ ಎರಡೂ ಕೈಬೆರಳನ್ನು ಹಿಡಿದು ನನ್ನ ಸೊಂಟದ ಹಿಂದೆ, ಬೆನ್ನುಮೂಳೆಯ ಎರಡೂ ಮಗ್ಗುಲಲ್ಲಿ ಒತ್ತಿಸಿದರು. "ಇಲ್ಲಿ ಎರಡ ದಪ್ಪನ ಸ್ನಾಯು ಅದಾವ. ಕೆಳಗಿಂದ ಕುತ್ತಿಗಿ ತನಕ. ಹತ್ತೇದೇನು ಕೈಗೆ? ಈಗ ಟಾವೆಲ್ ನೋಡೂಹಂಗ ಒಂದೀಟು ಮುಂದ ಬಾಗು."

ಬಾಗಿದೆ. ಬೆರಳ ಕೆಳಗೆ ಅವು ಕಟ್ಟಿಗೆಯಾದವು.

"ಈಗ ಸ್ವಲ್ಪ ಹಿಂದಕ್ಕ ವಾಲು."

ಮೆತ್ತಗಾದವು. ನನಗೆ ನಗು ಬಂತು. ನನ್ನದೇ ಬೆನ್ನು, ನಲವತ್ತು ವರ್ಷ ಹೊತ್ತು ತಿರುಗಿದ್ದೇನೆ, ಹೀಗೆ ಬಿಗಿಯುತ್ತದೆ ಬಿಡುತ್ತದೆ ಅಂತ ಒಂದು ದಿನ ಮುಟ್ಟಿ ನೋಡಿರಲಿಲ್ಲ.

"ಮನುಷ್ಯಾನ ಭಾರ ಎಲ್ಲಾ ಮುಂದಿನ ಕಡಿಗೇ ಅದ," ಅಂದರು ಬಾಯಿ. "ಹೊಟ್ಟಿ ಮುಂದ, ಎದಿ ಮುಂದ, ಕೈ ಮುಂದ, ತಲಿ ಮುಂದ. ಬಿಟ್ಟರ ಮಾರಿ ಅಡಿ ಆಗಿ ಬೀಳತೀವಿ. ಇವು ಹಿಂದಿನಿಂದ ಜಗ್ಗಿ ಹಿಡದಾವ, ಅದಕ್ಕ ಬೀಳಂಗಿಲ್ಲ. ನೆಟ್ಟಗ ನಿಂತರ ಸ್ವಲ್ಪ ಹಿಡಿದ್ರ ಸಾಕು. ಕೈ ಮುಂದ ಚಾಚಿ ಬಾಗಿ ನಿಂತರ ಬಿಗಿಯಾಗಿ ಹಿಡೀಬೇಕು. ಹತ್ತ ತಾಸು ನಿನ್ನ ಮುಷ್ಟಿ ಬಿಗಿ ಹಿಡಿದು ನೋಡು, ಏನಾಗ್ತದ?"

"ಕೈ ಸತ್ತ ಹೋಗ್ತದ್ರಿ."

"ಬೆನ್ನಿಗೂ ಹಂಗ. ಬಿಗಿ ಹಿಡದಾಗ ಒಳಗ ರಗತ ಸರಿಯಾಗಿ ಆಡಂಗಿಲ್ಲ. ಹಿಡೀಬೇಕು, ಬಿಡಬೇಕು. ನಡೀಬೇಕು, ಕುಂದರಬೇಕು, ಕಾಲ ಬದಲಿ ಮಾಡಬೇಕು. ನಿಂತಾಕಿ ಸುಮ್ಮನ ನಿಂತಾಳ ಅಂತಾರ ಮಂದಿ. ಸುಮ್ಮನ ಎಲ್ಲಿ? ಕೈ ಟಾವೆಲ್ ಮಡಚತಾವ, ಬೆನ್ನು ನಿನ್ನ ಎತ್ತಿ ಹಿಡೀತದ. ಎರಡು ಕೆಲಸ."

ಎರಡು ಕೆಲಸ! ನಮ್ಮ ಮಾಲಕರಿಗೆ ಒಂದೇ ಗೊತ್ತು. ಅದಕ್ಕೂ ಸರಿಯಾಗಿ ಪಗಾರ ಕೊಡರು.

ಆದರೂ ನನ್ನ ಹಟ ಬಿಡಲಿಲ್ಲ. "ಮತ್ತ ನಮ್ಮಪ್ಪ ಹೆಂಗ ನಿಂತರಿ ಬಾಯಿ? ಐವತ್ತ ವರ್ಷ?"

"ಹೆಂಗ ನಿಂದರತಿದ್ದ? ತೋರಸು."

ಮೂಲೆಯಲ್ಲಿ ನೆಲ ಒರೆಸುವ ಕೋಲಿತ್ತು. ಎತ್ತಿಕೊಂಡೆ. ಅಪ್ಪನ ಹಾಗೆ ಅದನ್ನು ಮುಂದೆ ಊರಿದೆ. ಎರಡೂ ಅಂಗೈ ಅದರ ತುದಿಯ ಮೇಲೆ, ಅಂಗೈ ಮೇಲೆ ಗದ್ದ. ಬಲಗಾಲಿನ ಪಾದ ಎತ್ತಿ ಎಡ ಮೊಣಕಾಲಿಗೆ ಆನಿಸಿದೆ. ಸಾಲಿನಲ್ಲಿ ಕೂತ ಮುದುಕ ಮುದುಕಿಯರೆಲ್ಲ ನೋಡುತ್ತಿದ್ದರು. ನೋಡಲಿ. ಸೊಂಟದ ಹಗ್ಗ ಸಡಿಲಾಯಿತು. ತಿಂಗಳಿಂದ ಬಿಗಿದದ್ದು ಒಂದು ಕೋಲಿಗೆ ಸಡಿಲಾಯಿತು.

ಹೊರಗೆ ಬಂದು ಅಪ್ಪನಿಗೆ ಫೋನು ಹಚ್ಚಿದೆ.

"ಅಪ್ಪಾ, ನೀ ಮಾಳದಾಗ ಇಡೀ ದಿನ ಹೆಂಗ ನಿಂತಿರತಿದ್ದಿ?"

"ನಿಂತಿದ್ದೆಲ್ಲೆ ಹುಚ್ಚಿ?" ಅಪ್ಪ ಕೆಮ್ಮುತ್ತ ನಕ್ಕ. "ಬಡಿಗಿ ನಿಂತಿತ್ತು. ನಾ ಅದರ ಮ್ಯಾಲ ಬಿದ್ದಿದ್ದೆ. ಒಂದ ಕಾಲ ಸೋತರ ಇನ್ನೊಂದ ಕಾಲ. ಕುರಿ ನಡದ್ರ ನಡೀತಿದ್ದೆ. ಮಧ್ಯಾಹ್ನ ಬೇವಿನ ಗಿಡದ ನೆರಳಿಗೆ ಅವು ಕುಂತವಂದ್ರ ನಾನೂ ಕುಂದರತಿದ್ದೆ. ಕುರಿ ಕುಂತಾಗ ನಿಂತಿರಾಂವ ಕುರುಬ ಅಲ್ಲ, ಕಳ್ಳ."

ನನ್ನ ಕಣ್ಣಲ್ಲಿ ನೀರು ಬಂತು. ಸಣ್ಣಂದಿನಲ್ಲಿ ಗುಡಿಸಿಲಿನ ಬಾಗಿಲಿಂದ ದೂರದಲ್ಲಿ ಕಂಡ ಅಪ್ಪ, ಬಾನಿಗೆ ಎದುರಾಗಿ ನಿಂತವನು. ನಾನು ಮನುಷ್ಯನನ್ನು ನೋಡಿದ್ದೆ, ಬಡಿಗೆ ನೋಡಿರಲಿಲ್ಲ. ಆ ಅರ್ಧ ನೋಟದ ಮೇಲೆ ಜಂಬ ಕೊಚ್ಚಿ ಹತ್ತು ಜನರ ಸೊಂಟ ಮುರಿದಿದ್ದೆ.

"ಅಪ್ಪಾ, ಆ ಬಡಿಗಿ ಅದ ಏನು?"

"ಅದ. ಯಾಕ, ಗಂಡನ್ನ ಹೊಡಿಯಾಕೇನು?"

"ಕಳಸು."

ಶನಿವಾರ ಎಸ್‌ಟಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ. ನನ್ನ ಎದೆಯೆತ್ತರದ ಬಡಿಗೆ, ತುದಿ ಅಪ್ಪನ ಅಂಗೈಗೆ ಸವೆದು ನುಣ್ಣಗಾಗಿತ್ತು. ಮಗಳು ಕೇಳಿದಳಲ್ಲ ಅಂತ ಅದಕ್ಕೆ ಬೀರೋಬಾನ ಭಂಡಾರದ ಅರಿಶಿನವನ್ನೂ ಬಳಿದಿದ್ದ, ಹಳದಿ ಕೈಗೆ ಹತ್ತಿತು.

ಸೋಮವಾರ ಗೇಟಿನಲ್ಲಿ ವಾಚ್‌ಮನ್ ತಡೆದ. "ಲಾಠಿ ಒಳಗ ಒಯ್ಯೂಹಂಗಿಲ್ಲ."

"ಲಾಠಿ ಅಲ್ಲೋ ಮಾರಾಯ. ನನ್ನ ಸೊಂಟ."

ನಕ್ಕು ಬಿಟ್ಟ. ನಾನು ನನ್ನ ಮೇಜಿನ ಮುಂದೆ ಬಡಿಗೆ ಊರಿ, ಒಂದು ಪಾದ ಮೊಣಕಾಲಿಗೆ ಆನಿಸಿ, ಒಂದೇ ಕೈಯಲ್ಲಿ ಟಾವೆಲು ಹಾಸತೊಡಗಿದೆ. ಒಂದು ಕೈಯ ಕೆಲಸ ಎಷ್ಟು ಸಾಗೀತು? ಮೇಜಿನ ಮೇಲೆ ಟಾವೆಲು ಗುಡ್ಡೆಯಾಯಿತು. ಗುರಮ್ಮ ಕಣ್ಣು ಕಿಸಿದು ನೋಡಿದಳು. "ಏನ, ಮೈಯಾಗ ದೇವರ ಬಂದಾನೇನು?" ಯೋಗಿರಾಜನ ಫೋನು ಬಡಿದುಕೊಂಡಿತು. ಕ್ಯಾಮೆರಾ ತನ್ನ ಕೆಲಸ ಮಾಡಿತ್ತು. ಅವತ್ತು ಸಂಜೆ ಮಾಲು ಒಯ್ಯಲು ಟ್ರಕ್ಕು ಬರುವುದಿತ್ತು. ಅರ್ಧ ತಾಸಿನಲ್ಲಿ ಮಾಲಕರ ಕಾರು ಬಂತು.

"ಏನಿದು ನಾಟಕ?"

"ನಾಟಕ ಅಲ್ರಿ ಮಾಲಕ್ರ. ನಮ್ಮಪ್ಪ ಹಿಂಗ ನಿಂದರತಿದ್ದ. ಅವತ್ತು ನಿಮಗ ಅರ್ಧಾ ಹೇಳಿದ್ದೆ. ಉಳಿದ ಅರ್ಧಾ ಇವತ್ತ ತಂದೀನಿ." ಬಡಿಗೆಯನ್ನು ಇನ್ನಷ್ಟು ಒತ್ತಿ ಊರಿದೆ. "ಆವತ್ತು ನಾ ಅಂದದ್ದು ಹೊಟ್ಟಿಕಿಚ್ಚಿನ ಮಾತ್ರಿ. ಒಬ್ಬಾಕಿ ಕುಂತಿದ್ದು ನೋಡಲಾರದ ಅಂದೆ. ನನ್ನ ಮಾತು ಹಿಡಿದು ಎಲ್ಲಾರ ಕುಂದ್ರೂದು ಕಸಗೊಂಡ್ರಿ. ಆ ಮಾತು ನಾನ ವಾಪಸ್ ತಗೋತೀನಿ."

ಹತ್ತು ಹೆಂಗಸರ ಕೈ ನಿಂತವು.

ಮಾಲಕರ ಕಣ್ಣು ಸಣ್ಣಗಾದವು. "ಅಂದ್ರ ಆ ಸ್ಟೂಲು ಯಾರಿಗೆ ಬೇಕಿತ್ತು? ಯಾರ ಬೆನ್ನಾಗ ಏನ ಅದ? ಕೆಲಸ ಮಾಡಾಕ ಆಗದಾಕಿ ಯಾರ ಇಲ್ಲಿ?"

ಸಾರಿಕಾ ತಲೆ ತಗ್ಗಿಸಿದಳು. ಯೋಗಿರಾಜ ಬೆವರಿದ. ಎಲ್ಲ ನನ್ನ ಬಾಯಲ್ಲಿತ್ತು. ಒಂದು ಸಲ ಈ ಬಾಯಿ ಬಿಟ್ಟು ಅವಳ ಸ್ಟೂಲು ಕಳೆದಿದ್ದೆ, ಇನ್ನೊಂದು ಸಲ ಬಿಟ್ಟರೆ ಕೆಲಸವೇ ಹೋಗುತ್ತಿತ್ತು.

"ನನಗ ಬೇಕಿತ್ರಿ," ಎಂದೆ. "ನನ್ನ ಬೆನ್ನ ನೋಯ್ತದ. ನನಗ ನಿಂದ್ರಾಕ ಆಗವಲ್ದು."

ಮಾಲಕರು ಜಾಣರು. ಒಂದು ಗಳಿಗೆ ನನ್ನನ್ನು ನೋಡಿ ನಕ್ಕರು. "ಅಷ್ಟ ಏನು? ಮೊದಲ ಹೇಳಬಾರದಾ? ಯೋಗಿರಾಜ, ಆ ಸ್ಟೂಲ್ ತಂದು ಚಂದ್ರಭಾಗಾಗ ಕೊಡು. ಹಳೇ ಕಾಮಗಾರ. ಆದ್ರ ಆಕಿ ಒಬ್ಬಾಕೀಗೇ."

ಸ್ಟೂಲು ಬಂತು. ಅದೇ ನೀಲಿ, ಅದೇ ಮೋಟು ಕಾಲು, ಅದೇ ರಟ್ಟು. ನನ್ನ ಮುಂದಿಟ್ಟರು. ನಾನು ಸುತ್ತ ನೋಡಿದೆ. ಹತ್ತು ಜೋಡಿ ಕಣ್ಣು ನನ್ನ ಮೇಲಿದ್ದವು. ಆ ನೋಟ ನನಗೆ ಹೊಸದಲ್ಲ. ಅದನ್ನೇ ಕಣ್ಣಲ್ಲಿಟ್ಟುಕೊಂಡು ನಾನು ದಿನ ಕಳೆದಿದ್ದೆ. ಗುರಮ್ಮನ ಕಣ್ಣಲ್ಲೂ ಅದೇ. ಆ ಸಾರಿಕಾಳ ಕಣ್ಣಲ್ಲೂ!

ಆಗ ತಿಳಿಯಿತು ನನಗೆ. ಒಂದು ಸ್ಟೂಲು ಕೊಟ್ಟರೆ ಒಬ್ಬಳು ಕೂರುತ್ತಾಳೆ, ಹತ್ತು ಜನ ಅವಳನ್ನು ನೋಡುತ್ತ ನಿಲ್ಲುತ್ತಾರೆ. ಕೊಟ್ಟವನನ್ನು ಯಾರೂ ನೋಡುವುದಿಲ್ಲ.

ನಾನು ದೊಡ್ಡ ಗುಣದವಳು ಅಂತ ಹೇಳುತ್ತಿಲ್ಲ. ಬೆನ್ನು ಕೂರು ಕೂರು ಅಂತ ಕೂಗುತ್ತಿತ್ತು. ಕೈ ಆಗಲೇ ಸ್ಟೂಲಿನ ಅಂಚು ಹಿಡಿದಿತ್ತು. ಆ ಕೈಯಿಂದಲೇ ಅದನ್ನು ದೂಡಿದೆ. ರಟ್ಟು ಜಾರಿ ಸ್ಟೂಲು ಕುಂಟುತ್ತ ಮಾಲಕರ ಕಾಲ ಹತ್ತಿರ ಹೋಗಿ ನಿಂತಿತು.

"ಹನ್ನೊಂದ ತರ್ರಿ ಮಾಲಕ್ರ. ಇಲ್ಲಾ ಇದೂ ಬ್ಯಾಡ."

"ಹನ್ನೊಂದ? ಇದೇನ ಲಗ್ನದ ಮಂಟಪ ಏನು? ಬ್ಯಾಡಾದ್ರ ನಿಂದರು. ನಿಂತ ಕೆಲಸ ಮಾಡು!"

ನಾನು ಬಡಿಗೆ ಹಿಡಿದು ಮೆಲ್ಲಗೆ ಕೆಳಗಿಳಿದೆ. ಮೇಜಿನ ಹಿಂದಿನ ಗೋಡೆಯ ಬುಡದಲ್ಲಿ ನೆಲಕ್ಕೆ ಕೂತೆ, ಕ್ಯಾಮೆರಾದ ಎದುರಿಗೇ.

ಯಾರೂ ಮಿಸುಕಲಿಲ್ಲ. ಇವರು ಯಾಕೆ ಕೂರಬೇಕು, ನಾನು ಇವರಿಗೆ ಮಾಡಿದ್ದೇನು ಕಡಿಮೆಯೇ ಅಂದುಕೊಂಡೆ. ಆಗ ಗುರಮ್ಮ ಕತ್ತರಿ ಮೇಜಿನ ಮೇಲಿಟ್ಟಳು.

"ಮಾಡೂದೆಲ್ಲಾ ಮಾಡಿ ಈಗ ನೆಲಾ ಹಿಡದಾಳ ನೋಡ ಹಲ್ಕಟ್," ಅಂದಳು. "ಸರಿ ಆ ಕಡೆ. ನನಗೂ ಬೆನ್ನ ಅದ." ನನ್ನ ಪಕ್ಕದಲ್ಲಿ ಧೊಪ್ಪೆಂದು ಕೂತಳು. ಆಮೇಲೆ ಒಬ್ಬಳು, ಆಮೇಲೆ ಇಬ್ಬರು. ಎಲ್ಲರ ಕೊನೆಗೆ ಸಾರಿಕಾ. ಅವಳಿಗೆ ಬಗ್ಗುವುದು ಕಷ್ಟ, ನನಗೆ ಮಾತ್ರ ಗೊತ್ತು. ಕೂತಲ್ಲಿಂದಲೇ ಬಡಿಗೆ ಎತ್ತಿ ನೆಟ್ಟಗೆ ಹಿಡಿದೆ. ಅಪ್ಪನ ಅಂಗೈಗೆ ಸವೆದ ತುದಿ ಹಿಡಿದುಕೊಂಡು ಅವಳು ಇಳಿದು ಕೂತಳು.

ಮಾಲಕರು ಕೂಗಿದರು. ನಾಳೆಯಿಂದ ಬರಬೇಡಿ ಅಂದರು. ಮರವಡೆ ಹಳ್ಳಿಯಿಂದ ಗಾಡಿ ತುಂಬ ಹೆಂಗಸರನ್ನು ತರುತ್ತೇನೆ ಅಂದರು.

"ನಾಳಿ ತರ್ರಿ," ಅಂದಳು ಗುರಮ್ಮ. "ಟ್ರಕ್ಕು ಇವತ್ತ ಬರ್ತದ."

ಯೋಗಿರಾಜ ಮೆಲ್ಲಗೆ, "ಮಾಲಕ್ರ, ಹನ್ನೊಂದ ಸ್ಟೂಲ್ ಏನ ದೊಡ್ಡ ಮಾತಲ್ರಿ," ಅಂದ. ಅವನಿಗೆ ಸಿಕ್ಕ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಆಚೆ ಮಗ್ಗಗಳು ಬಡಿಯುತ್ತಿದ್ದವು. ನಾವು ಕೂತಿದ್ದೆವು, ಮಾಲಕರು ನಿಂತಿದ್ದರು. ಹೊರಟು ಹೋದರೆ ಸೋತ ಹಾಗೆ, ಅದಕ್ಕೆ ಹೋಗಲಿಲ್ಲ. ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಅವರು ಎಡಗಾಲಿನಿಂದ ಬಲಗಾಲಿಗೆ ಬಂದರು. ಬಲಗಾಲಿನಿಂದ ಎಡಗಾಲಿಗೆ. ಅರ್ಧ ತಾಸಿಗೆ ಅವರ ಕೈ ತಾನಾಗಿಯೇ ಹಿಂದೆ ಹೋಗಿ ಸೊಂಟ ಹಿಡಿಯಿತು, ಡಾಕ್ಟರ್‌ಬಾಯಿ ನನ್ನ ಬೆರಳು ಒತ್ತಿಸಿದ್ದರಲ್ಲ, ಸರಿಯಾಗಿ ಅಲ್ಲಿಯೇ.

"ಮಾಲಕ್ರ, ಕುಂದರ್ರಿ," ಅಂದೆ. "ಸ್ಟೂಲ್ ಖಾಲಿ ಅದ. ಕುರಿ ಕುಂತಾಗ ನಿಂತಿರಾಂವ ಕುರುಬ ಅಲ್ಲ ಅಂತಾನ ನಮ್ಮಪ್ಪ." ಉಳಿದದ್ದನ್ನು ಹೇಳಲಿಲ್ಲ. ಒಂದು ಮಾತನ್ನಾದರೂ ನುಂಗಲು ಕಲಿತಿದ್ದೆ.

ಅವರು ಸ್ಟೂಲಿನ ಕಡೆ ನೋಡಿದರು. ಕೂತರೆ ನಿಲ್ಲುವುದು ಕಷ್ಟ ಅಂತ ಒಪ್ಪಿದ ಹಾಗೆ, ಹನ್ನೊಂದು ತರಬೇಕಾಗುತ್ತದೆ, ಅದು ಅವರಿಗೂ ಗೊತ್ತು. ಕೂರಲಿಲ್ಲ. ಆಮೇಲೆ ನಮ್ಮ ಕಡೆ ನೋಡಿದರು. ಸಿಮೆಂಟಿನ ನೆಲದ ಮೇಲೆ ಗೋಡೆಗೆ, ಒಬ್ಬರ ಹೆಗಲಿಗೊಬ್ಬರು ಒರಗಿ ಕೂತ ಹನ್ನೊಂದು ಬೆನ್ನುಗಳನ್ನು ನೋಡಿದರು.

ಆ ನೋಟ ನಾನು ಬಲ್ಲೆ. ಅದಕ್ಕೆ ನಾನೇ ಇಷ್ಟು ದಿನ ಅನ್ನ ಹಾಕಿ ಸಾಕಿದ್ದೆ. ಈಗ ಅದು ಮಾಲಕರ ಕಣ್ಣಿಗೆ ಹೋಗಿ ಕೂತಿತ್ತು. ನಾನು ಕಾಲು ಇನ್ನಷ್ಟು ನೀಡಿ, ಬೆನ್ನನ್ನು ಗೋಡೆಗೆ ಆನಿಸಿ ಕೂತೆ.